ಉಗುರಿಲ್ಲದ ಹೆಬ್ಬೆರಳು

ಸಾರ್ಡಿನಿಯಾದ ಬೆಟ್ಟದೂರು ಪತ್ತಾದ, ಮಧ್ಯಾಹ್ನ ಮೂರು.
ಬೊನಾರಿಯಾ ಬಂದಳು,
ಕುರಿಹಾಲಿನ ವಾಸನೆ ಅವಳಿಗಿಂತ ಮೊದಲೇ ಒಳಗೆ.
"ಬೈಂಜು, ನನಗೊಂದು ಚಾಕು. ಹಳೇ ನಮೂನೆಯದೇ.
ಆದರೆ ತೆರೆಯಬೇಕು."

ಟಗರುಕೊಂಬಿನ ಹಿಡಿಯವನ್ನೆಲ್ಲ ಹರವಿದೆ.
ಎತ್ತಿದಳು, ತಿಣುಕಿದಳು, ಇಟ್ಟಳು.
ಬೇಲಿಗೂಟಕ್ಕೆ ಜಜ್ಜಿದ ಹೆಬ್ಬೆರಳಿಗೆ
ಉಗುರು ಮತ್ತೆ ಹುಟ್ಟಿಯೇ ಇಲ್ಲ.
ನಾಲ್ಕನೆಯದಕ್ಕೆ ಹಲ್ಲು ಹಾಕಿದಳು,
ಅದೂ ಕಟ್ಟಿಸಿದ ಹಲ್ಲು.

"ಬಿಗಿ ಇರಬೇಕು," ಎಂದೆ, "ಅದೇ ನಮ್ಮ ಮನೆತನದ ಗುರುತು."
"ರೊಟ್ಟಿಗೆ ಮುಂಚೆ ಕುಸ್ತಿ ಬೇಡುವ ಚಾಕು
ನಿನ್ನ ಮನೆತನಕ್ಕೇ ಇರಲಿ. ಎಲ್ಲಿ, ನೀನೇ ತೆಗೆ."

ತೆಗೆಯಲಿಲ್ಲ ನಾನು.
ಎರಡು ಚಳಿಗಾಲದಿಂದ
ಅಂಗಡಿ ಮುಚ್ಚಿದ ಮೇಲೆ ಇಕ್ಕಳದಲ್ಲೇ ತೆರೆಯುತ್ತಿದ್ದೆ.
ಅವಳು ನನ್ನ ಬೆರಳ ಗಿಣ್ಣು ನೋಡಿದಳು.
ನಾನು ಕಿಟಕಿ ನೋಡಿದೆ.

ಮೊಳೆಯ ಹಿಂದಲೆಗೆ ಎರಡು ಪೆಟ್ಟು, ಒಂದು ಹನಿ ಎಣ್ಣೆ.
ಚಿವುಟಿ ಹಿಡಿಯುವಷ್ಟು ಕೊಂಬನ್ನು
ಅರದಲ್ಲಿ ತಗ್ಗಿಸಿದೆ; ಅಪ್ಪ ಇದ್ದಿದ್ದರೆ ಬೈಯುತ್ತಿದ್ದ.

ಅಲಗು ಬಂತು,
ಕರೆದೊಡನೆ ಓಡಿಬರುವ ನಾಯಿಯ ಹಾಗಲ್ಲ,
ಯೋಚಿಸಿ ಏಳುವ ಬೆಕ್ಕಿನ ಹಾಗೆ.

"ಇನ್ನೊಂದು ಮಾಡು," ಎಂದಳು ಬಾಗಿಲಲ್ಲಿ, "ನಿನಗೆ."

ಮಾಡಿದೆ.
ಚಾಕು ಪುಕ್ಕಟೆ ಪಡೆದರೆ ನಂಟು ಕಡಿಯುತ್ತದೆ ಎನ್ನುತ್ತಾರಲ್ಲ,
ಎಡಗೈಯಿಂದ ಬಲಗೈಗೆ
ಒಂದು ನಾಣ್ಯ ಕೊಟ್ಟುಕೊಂಡೆ.