ಕಣ್ಣಿನ ಪಾಲು

ಬುರ್ಸಾದ ಏರುಬೀದಿಗಳಲ್ಲಿ ನಲವತ್ತೊಂದು ವರ್ಷ
ಸಾಣೆಗಾಡಿ ತಳ್ಳುತ್ತ ಅಪ್ಪ ಕೂಗಿದ್ದು ಒಂದೇ ಕೂಗು:
‘ಕುರುಡು ಚಾಕು ತನ್ನಿ, ಕುರುಡು ಕತ್ತರಿ ತನ್ನೀ...’
ನಮ್ಮ ಮಾತಿನಲ್ಲಿ ಅಲಗು ಮೊಂಡಾಗುವುದಿಲ್ಲ,
ಕುರುಡಾಗುತ್ತದೆ.
ಹಳೇ ಪತ್ರಿಕೆಯಲ್ಲಿ ಚಾಕು ಸುತ್ತಿಕೊಂಡು
ಹಿಟ್ಟುಗೈಯಲ್ಲೇ ಹೆಂಗಸರು ಮೆಟ್ಟಿಲಿಳಿದು ಬರುತ್ತಿದ್ದರು.
ಅಪ್ಪ ಚಕ್ರ ತುಳಿದು, ಕಿಡಿ ಹಾರಿಸಿ,
ಹೆಬ್ಬೆರಳ ಉಗುರಿನ ಮೇಲೆ ಅಲಗು ನಿಲ್ಲಿಸಿ
‘ತಗೊಳ್ಳಿ, ಕಣ್ಣು ಬಂತು ಇದಕ್ಕೆ’ ಎನ್ನುತ್ತಿದ್ದ.

ಅಜ್ಜಿಯರು ಆ ಕಾಯಿಲೆಗೆ ಕರಿನೀರು ಎನ್ನುತ್ತಿದ್ದರು.
ಡಾಕ್ಟರು ಬೇರೆ ಹೆಸರು ಹೇಳಿದರು, ಉದ್ದನೆಯದು.
ನೀರು ಮಾತ್ರ ಅದೇ.
ಮೊದಲು ಬೀದಿಯ ಎರಡೂ ಅಂಚು ಮುಳುಗಿತು,
ಆಮೇಲೆ ಗಾಡಿ,
ಆಮೇಲೆ ನಾನು.

ಈಗ ಬಸ್ ಪಾಸಿನ ಅರ್ಜಿ ಹಿಡಿದು ಅವನೆದುರು ಕೂತಿದ್ದೇನೆ.
‘ಮೂರನೇ ಕಾಲಮ್ಮಿನಲ್ಲಿ ಏನಿದೆ?’
‘ನೋಟಕ್ಕೆ ಅಡ್ಡಿಯುಳ್ಳವರು.’
‘ಅಡ್ಡಿಯೆ? ಯಾರು ಹಾಕಿದ್ದು?’
ರಸ್ತೆ ಅಗೆಯುವಾಗ ನಿಲ್ಲಿಸುತ್ತಾರಲ್ಲ, ಕೆಂಪು ಬಿಳಿ ಪಟ್ಟಿಯದು,
ಅದು ನೆನಪಾಗಿರಬೇಕು.
‘ಕೆಲಸ ಮುಗಿದ ಮೇಲೆ ತೆಗೀತಾರಾ ಕೇಳು.’
ನನಗೆ ನಗು ಬಂತು, ಅವನಿಗೆ ಬರಲಿಲ್ಲ.
‘ಕುರುಡ ಅಂತ ಬರಿ. ಮೂರಕ್ಷರ. ಶಾಯಿ ಉಳಿಯುತ್ತೆ.’
‘ಅದು ಈಗ ಬೈಗುಳ, ಅಪ್ಪಾ.’
‘ಬೈಗುಳವೆ!
ನಾಲ್ಕು ಮಕ್ಕಳ ಹೊಟ್ಟೆ ಹೊರೆದ ಪದ ಅದು.’

ಆ ರಾತ್ರಿ ನಿದ್ದೆ ಬಾರದೆ ಹುಡುಕುತ್ತ ಹೋದೆ.
ಬತ್ತಿದ ಬಾವಿ ಕುರುಡು.
ಹಲ್ಲು ಹಾಕಿದರೂ ಬಿಚ್ಚದ ಗಂಟು ಕುರುಡು.
ತಮ್ಮನ ಹೊಟ್ಟೆಯಿಂದ ಕತ್ತರಿಸಿ ತೆಗೆದರಲ್ಲ, ಆ ಕರುಳ ತುಂಡೂ.
ಇಲ್ಲದ್ದಕ್ಕೆಲ್ಲ, ಬೇಡದ್ದಕ್ಕೆಲ್ಲ
ಅಪ್ಪನ ಹೆಸರಿಟ್ಟವರು ಯಾರು?
ಒಳ್ಳೆಯ ಸುದ್ದಿಗೆ ಮಾತ್ರ ‘ಕಣ್ಣು ಬೆಳಗಿತು’ ಅನ್ನುತ್ತೇವೆ.
ತಮ್ಮನಿಗೆ ಮಗು ಹುಟ್ಟಿದ ದಿನ
ಮೇಲ್ಮನೆಯ ಪೆರಿಹಾನ್ ಹಾಗಂದು
ನಾಲಿಗೆ ಕಚ್ಚಿಕೊಂಡು ಬಾಗಿಲಲ್ಲೇ ನಿಂತುಬಿಟ್ಟಳು.
ಅಪ್ಪ ವಾಡಿಕೆಯ ಉತ್ತರವನ್ನೇ ಕೊಟ್ಟ:
‘ನೀವೂ ಬೆಳಕಲ್ಲಿರಿ.’

ಅವಳು ಆಮೇಲೆ ಬರುವುದು ಕಡಿಮೆಯಾಯಿತು.
ತಟ್ಟೆಯೂ.
ಕಂಡವನಿಗೆ ಒಂದು ತುತ್ತು ಕೊಡಬೇಕು ನಮ್ಮಲ್ಲಿ,
ಕಣ್ಣಿನ ಪಾಲು ಅದು, ಕೊಡದಿದ್ದರೆ ಋಣ.
ಗಾಡಿ ನಿಲ್ಲಿಸಿ ಅಪ್ಪ ತಲೆಯೆತ್ತಿದ್ದಕ್ಕೇ
ಅವಳ ಕಿಟಕಿಯಿಂದ ಎಷ್ಟು ಬುಟ್ಟಿ ಇಳಿದಿಲ್ಲ, ಹಗ್ಗ ಕಟ್ಟಿ!
ಕಾಣದವನ ಪಾಲು ಎಷ್ಟು?
ಮಾತು ಅದಕ್ಕೊಂದು ಜಾಗ ಇಟ್ಟಿರಲಿಲ್ಲ.

ನಿನ್ನೆ ಸಂಜೆ ಮೇಲಿನಿಂದ ಬೋರೆಕ್‌ನ ವಾಸನೆ.
ಅರ್ಜಿ ಹಾಗೇ ಮೇಜಿನ ಮೇಲೆ.
ಅಪ್ಪ ಕಿವಿ ಓರೆಮಾಡಿದ.
ಕಿಟಕಿ ತೆರೆಸಿ ಕೂಗಿದ, ಆ ಹಳೇ ಬೀದಿಯ ಗಂಟಲಲ್ಲಿ:
‘ಪೆರಿಹಾನ್ ಹಾನಿಮ್! ಕೊಯ್ಯುತ್ತಿಲ್ಲ ನೀವು, ಹರಿಯುತ್ತಿದ್ದೀರಿ!
ಕುರುಡಾಗಿದೆ ಅದು. ಕೆಳಗೆ ತನ್ನಿ.’

ಸ್ವಲ್ಪ ಹೊತ್ತು ಮೇಲೆ ಏನೂ ಸದ್ದಿಲ್ಲ.
ಆಮೇಲೆ ಚಪ್ಪಲಿ, ಒಂದೊಂದೇ ಮೆಟ್ಟಿಲು.
ಪತ್ರಿಕೆ ಬಿಚ್ಚಿದ ಸದ್ದು.
ಅಪ್ಪ ಕೈಸಾಣೆ ತೊಡೆಯ ಮೇಲಿಟ್ಟು ಉಜ್ಜಿದ,
ಅತ್ತ ಹನ್ನೆರಡು, ಇತ್ತ ಹನ್ನೆರಡು,
ಉಗುರಿನ ಮೇಲೆ ನಿಲ್ಲಿಸಿದ. ಜಾರಲಿಲ್ಲ.
ಕಣ್ಣು ಬಂತು ಎನ್ನಲಿಲ್ಲ ಈ ಸಲ.
ಹಿಡಿಯನ್ನು ಅವಳತ್ತ ತಿರುಗಿಸಿ,
‘ನೋಡಿ,’ ಎಂದ.

ಅವಳು ತಟ್ಟೆ ಬಿಟ್ಟು ಹೋದಳು.
ಕೂಲಿಯೋ ಪಾಲೋ, ನಾನು ಕೇಳಲಿಲ್ಲ.
ಕೆಳಗಿನ ಸಾಲು ಹೊತ್ತಿತ್ತು, ಅಪ್ಪ ಅದನ್ನೇ ಮೊದಲು ತಿಂದ.
ಮೂರನೇ ಕಾಲಮ್ಮು ಇನ್ನೂ ಖಾಲಿ.
ತಟ್ಟೆ ಇಟ್ಟ ಕಡೆ ಕಾಗದದ ಮೇಲೆ
ದುಂಡಗೆ ಎಣ್ಣೆಯ ಕಲೆ;
ದೀಪಕ್ಕೆ ಹಿಡಿದರೆ ಆಚೆಬದಿ ಕಾಣುತ್ತದೆ.