ಸ್ಟೆಪ್ನಿ

ಅವೆಂಜರ್ ನಿಲ್ಲಿಸಿ, ವೆಲ್ಡಿಂಗ್ ಮಿಷನ್ನಿನ ಹಗ್ಗ ಬಿಚ್ಚುತ್ತಲೇ
ಟಾಕಪ್ಪ ಕೇಳಿದ:
"ಸಾಬ್ರೆ, ಹಿಂದಕ್ಕೆ ಕಾರಿನ ಟೈರು ಕೂರ್ತದಾ?"

ಕೂರುವುದೇನೋ ಕೂರುತ್ತದೆ.
ಇದರ ರಿಮ್ಮು ಹದಿನೈದು ಇಂಚು,
ಹಳೇ ಅಂಬಾಸಿಡರಿನದೂ ಅದೇ ಹದಿನೈದು.
ಅಳತೆ ಒಂದೇ ಎಂದು
ಬೀಗರ ಚಪ್ಪಲಿ ಮೆಟ್ಟಿ ಬರುವುದುಂಟೇ?
ಬ್ಯಾಡ ಮಾರಾಯ, ಅಂದೆ.

ಅವನು ಲೆಕ್ಕ ಒಪ್ಪಿಸಿದ.
ಮಿಷನ್ನು, ಕೇಬಲ್ಲು, ರಾಡಿನ ಡಬ್ಬಿ, ಇದರ ಮೇಲೆ ತಾನು.
ನಗರ, ಯಡೂರು, ಮಾಸ್ತಿಕಟ್ಟೆ,
ಯಾರ ಮನೆಯ ಗೇಟು ಕಳಚಿದರೂ ಕರೆ ಬರುವುದು ಇವನಿಗೆ.
ಏಳು ತಿಂಗಳಿಗೊಂದು ಟೈರು.
"ದುಡಿದದ್ದೆಲ್ಲ ರಸ್ತೆಗೆ ತೇಯ್ದು ಬರ್ತಿದೀನಿ ಸಾಬ್ರೆ."

ಆ ಟೈರು ಬಿಚ್ಚಿ ಕೈಯಾಡಿಸಿದೆ.
ಹುಟ್ಟುವಾಗ ದುಂಡಗಿತ್ತು, ವಾಲಲೆಂದೇ ಮಾಡಿದ್ದು.
ಈಗ ನಡುಬೆನ್ನು ಸಪಾಟು,
ಅಂಚಿನಲ್ಲಿ ಮಾತ್ರ ಕಾರ್ಖಾನೆಯ ಸಣ್ಣ ಸಣ್ಣ ರಬ್ಬರು ಕೂದಲು
ಒಂದೂ ಉದುರದೆ ಹಾಗೇ.
ಅಷ್ಟು ಕಬ್ಬಿಣ ಕಟ್ಟಿಕೊಂಡವನು
ಎಲ್ಲಿ ವಾಲುತ್ತಾನೆ?
ತಿರುವಿನಲ್ಲಿ ಗಾಡಿಯನ್ನು
ತುಂಬಿದ ಕೊಡದ ಹಾಗೆ ಎತ್ತಿ ಎತ್ತಿ ಇಡುತ್ತಾನೆ.

ನಾನು ಸೋತದ್ದು ಅಲ್ಲಿ, ಆ ಕೂದಲಿಗೆ.

ಅಂಗಡಿಯ ಹಿಂದೆ ಗೋಡೆಗೆ ಒರಗಿ ಒಂದಿತ್ತು.
ಶಿವಮೊಗ್ಗದ ಹರಾಜಿನಲ್ಲಿ ಬಂದದ್ದು,
ಯಾವುದೋ ಇಲಾಖೆಯ ಬಿಳಿ ಕಾರಿನ ಸ್ಟೆಪ್ನಿ.
ಡಿಕ್ಕಿಯ ಕತ್ತಲಲ್ಲಿ ಮಲಗಿಕೊಂಡೇ
ಜಿಲ್ಲೆಯ ಅಷ್ಟೂ ರಸ್ತೆ ಸುತ್ತಿದ್ದು,
ಒಮ್ಮೆಯೂ ನೆಲ ಮುಟ್ಟದ್ದು.
ಸಾಹೇಬರು ಬದಲಾದರು, ಡ್ರೈವರು ರಿಟೈರಾದ,
ಇದರ ಸರದಿ ಬರಲೇ ಇಲ್ಲ.
ರಬ್ಬರು ತುಸು ಗಡುಸಾಗಿತ್ತು,
ಕಾದು ಕೂತವರಿಗೆ ಆಗುವ ಹಾಗೆ.
ಅದನ್ನೂ ಹೇಳಿದೆ. ಅವನು ತಲೆಯಾಡಿಸಿದ, ಕೇಳಲಿಲ್ಲ.

ಮುನೀರ ಸೋಪು ನೀರು ಸವರಿದ.
ಚೈನ್ ಕವರಿನ ಅಂಚು ಕೊಯ್ದೆವು,
ಮಡ್‌ಗಾರ್ಡನ್ನು ಎರಡು ಬೆರಳು ಎತ್ತಿದೆವು.
ಟಾಕಪ್ಪನೇ ಕಣ್ಣಿಗೆ ಕಪ್ಪು ಗಾಜು ಹಿಡಿದು
ತನ್ನ ಗಾಡಿಗೆ ತಾನೇ ಬೆಸುಗೆ ಹಾಕಿಕೊಂಡ,
ಕೂಲಿ ಯಾರಿಗೆ ಕೊಡುವುದೆಂದು ನಕ್ಕ.

ಮೂವತ್ತು ಪಾಯಿಂಟಿಗೆ ಕೂರಲಿಲ್ಲ.
ನಲವತ್ತು.
ಐವತ್ತು. ಹಿಂದೆ ಸರೀರಿ, ಎಂದೆ.
ನಾನು ಸರಿಯುವ ಹಾಗಿಲ್ಲ, ಗಾಳಿಯ ಪೈಪು ನನ್ನ ಕೈಯಲ್ಲಿತ್ತು.
ಐವತ್ತೆಂಟಕ್ಕೆ ಟಪ್, ಒಂದು ಮಗ್ಗುಲು.
ಇನ್ನೊಂದು ಇನ್ನೂ ಯೋಚಿಸುತ್ತಿತ್ತು.
ಎದುರಿನ ಹೋಟೆಲಿನವನು ಲೋಟ ಹಿಡಿದವನು ಹಾಗೇ ನಿಂತಿದ್ದ.
ಟಪ್.

ಗವಟೂರಿನವರೆಗೆ ಮೊದಲು ನಾನೇ ಓಡಿಸಿದೆ.
ನೇರದಲ್ಲಿ ಮಹಾರಾಜ.
ತಿರುವು ಬಂತು ನೋಡಿ, ನಾನು ಎಡಕ್ಕೆ, ಅದು ನೆಟ್ಟಗೆ.
ಬೈಕು ವಾಲದೆ ತಿರುಗುವುದಿಲ್ಲ,
ಕಾರು ತಿರುಗಿದರೂ ವಾಲುವುದಿಲ್ಲ,
ಆ ಜಗಳದ ನಡುವೆ ನನ್ನ ಎರಡು ಕೈ.
ಹ್ಯಾಂಡಲ್ ಒತ್ತಿ, ಮೊಣಕಾಲು ಒತ್ತಿ,
ಅಲ್ಲಾಹನನ್ನೂ ಸ್ವಲ್ಪ ಕರೆದು
ಹೇಗೋ ಟಾರಿನ ಮೇಲೇ ಉಳಿದೆ.

ವಾಪಸು ಬಂದು ಹೇಳಿದೆ:
ಇದು ಸರ್ಕಾರಿ ಜಾತಿ ಟಾಕಪ್ಪ,
ಪ್ರತಿ ತಿರುವಿಗೂ ಒಂದೊಂದು ಅರ್ಜಿ ಹಾಕಬೇಕು.
"ಹಾಕಿ ಅಭ್ಯಾಸ ಉಂಟು" ಅಂದ.
ಒಂಬೈನೂರು ಎಣಿಸಿ ಕೊಟ್ಟು, ಮಿಷನ್ನು ಕಟ್ಟಿ,
ಹುಲಿಕಲ್ಲಿನ ಕಡೆಗೆ ಹೊರಟೇ ಹೋದ.

ಈಗ ಹದಿನಾಲ್ಕು ತಿಂಗಳು.
ಟೈರಿಗೆಂದು ಬಂದಿಲ್ಲ.
ನನಗೆ ಎರಡು ಟೈರಿನ ವ್ಯಾಪಾರ ಹೋಯಿತು,
ಬದಲಿಗೆ ಒಂದು ಕಿವಿ ಬಂತು.

ರಾತ್ರಿ ಎಂಟಕ್ಕೆ ಷಟರ್ ಅರ್ಧ ಎಳೆದು ಕೂರುತ್ತೇನೆ.
ಮುಚ್ಚೋಣವಾ ಮಾಮಾ, ಎನ್ನುತ್ತಾನೆ ಮುನೀರ.
ತಡಿ.
ಗುಡುಗುಡು ಬೈಕಿನದು, ಅದರಡಿಯ ಸುಯ್ಲು ಕಾರಿನದು,
ಅಂಥ ಸದ್ದು ರಿಪ್ಪನ್‌ಪೇಟೆಗೆ ಒಂದೇ.
ಬರುತ್ತದೆ, ಹಾದು ಹೋಗುತ್ತದೆ.
ಒಂದು ಹಾರ್ನೂ ಹೊಡೆಯುವುದಿಲ್ಲ ಪುಣ್ಯಾತ್ಮ.

ಎಳಿ, ಎನ್ನುತ್ತೇನೆ ಆಮೇಲೆ,
ಪೂರ್ತಿ ಎಳಿ.