ಮೂವತ್ತಮೂರನೆಯ ಪುಟ

ಚಿತ್ರಪುಸ್ತಕಕ್ಕೆ ಮೂವತ್ತೆರಡೇ ಪುಟ.
ಹೆಚ್ಚಿಗೆ ಬೇಕೆಂದರೆ ಕಾಗದ ಮಡಚುವ ಯಂತ್ರ ಒಪ್ಪುವುದಿಲ್ಲ,
ಮಲಗುವ ಹೊತ್ತಿನ ಕಣ್ಣೂ ಒಪ್ಪುವುದಿಲ್ಲ.
ಅಷ್ಟರಲ್ಲೇ ಒಂದು ಮಗು ಏಳಬೇಕು, ಎಡವಬೇಕು,
ಸರಿಹೋಗಬೇಕು, ನಿದ್ದೆ ಹೋಗಬೇಕು.

ನಾನು ಬರೆಯುವುದು ಊಟದ ಮೇಜಿನ ಮೇಲೆ,
ಬ್ಯಾಲರಾಟ್‌ನ ಚಳಿ ಕಿಟಕಿ ಸಂದಿನಲ್ಲಿ ಸಿಳ್ಳೆ ಹಾಕುವಾಗ,
ಮಕ್ಕಳು ಮಲಗಿದ ಮೇಲೆ, ಆ ಮಕ್ಕಳನ್ನೇ.
ಓಜಸ್ ತಿನ್ನದೆ ಬಿಟ್ಟ ಟೋಸ್ಟಿನ ಅಂಚು
ಒಂದು ಪುಸ್ತಕದಲ್ಲಿ ದೋಣಿಯಾಯಿತು.
ಮುಕ್ತಾಳ ಕಳೆದುಹೋದ ಎಡಗಾಲ ಗಂಬೂಟು
ಇನ್ನೊಂದರಲ್ಲಿ ಕಪ್ಪೆಗೆ ಮನೆ.
ಕದಿಯುವವಳಂತೆ ಬರೆಯುತ್ತೇನೆ,
ಸಿಕ್ಕಿಬಿದ್ದರೆ ಮುತ್ತು ಕೊಡುತ್ತೇನೆ.
ಹಿಂಬದಿಯ ರಟ್ಟಿನ ಮೇಲೆ ಪ್ರಕಾಶಕರು ಅಚ್ಚು ಹಾಕುತ್ತಾರೆ:
ಮನಸ್ಸಿಗೆ ಹಿತವಾದ ಕಥೆ.

ಮೂರನೆಯದು ಹಂಸದ್ದು.
ವೆಂಡೂರೀ ಕೆರೆಯ ಹಂಸಗಳು ಕಪ್ಪು,
ಕೊಕ್ಕು ಮಾತ್ರ ಈಗತಾನೇ ಎಲೆಯಡಿಕೆ ಹಾಕಿಕೊಂಡಂತೆ ಕೆಂಪು.
ಹಾಲು ನೀರು ಬೇರೆ ಮಾಡುವ ಜಾತಿಯಲ್ಲ ಇವು,
ಸ್ಯಾಂಡ್‌ವಿಚ್ಚನ್ನು ಕೈಯಿಂದ ಬೇರೆ ಮಾಡುತ್ತವೆ.
ನನ್ನ ಕಥೆಯಲ್ಲಿ ಹಳದಿ ಕೋಟಿನ ಹುಡುಗಿ
ತನ್ನ ಬ್ರೆಡ್ಡಿನಲ್ಲಿ ಅರ್ಧ ಹಂಸಕ್ಕೆ ಕೊಡುತ್ತಾಳೆ.
ಸಂಪಾದಕಿ ಫೋನ್ ಮಾಡಿದಳು:
ಬ್ರೆಡ್ಡು ಹಕ್ಕಿಗೆ ಒಳ್ಳೆಯದಲ್ಲ, ಲೆಟಿಸ್ ಎಲೆ ಮಾಡೋಣವಾ?
ಮಾಡಿದೆವು.
ಯಾವ ಹುಡುಗಿ ಜೇಬಿನಲ್ಲಿ ಲೆಟಿಸ್ ಇಟ್ಟುಕೊಂಡು ತಿರುಗುತ್ತಾಳೆ?
ಒಳ್ಳೆಯ ಹುಡುಗಿ.
ಪುಸ್ತಕದ ಹುಡುಗಿ.

ಶನಿವಾರ, ಲೈಬ್ರರಿಯ ಜಮಖಾನದ ಮೇಲೆ ಹದಿನೇಳು ಮಕ್ಕಳು,
ಹಿಂದೆ ತಾಯಂದಿರು, ಒಬ್ಬ ಅಜ್ಜ, ಒದ್ದೆ ಛತ್ರಿಗಳು.
ಓದಿ ಮುಗಿಸಿದೆ. ಚಪ್ಪಾಳೆ.
ಮುಕ್ತಾ ಕೈಯೆತ್ತಿದಳು,
ಶಾಲೆಯಲ್ಲಿ ಎತ್ತುವ ಹಾಗೆ, ಇನ್ನೊಂದು ಕೈಯನ್ನು ಮೊಣಕೈಗೆ ಆಸರೆ ಕೊಟ್ಟು:

"ಅದು ಹಾಗಾಗಲಿಲ್ಲ.
ನಾನು ಕಲ್ಲು ಹೊಡೆದೆ."

ಯಾರದೋ ಕೂಸು ಬಿಕ್ಕಳಿಸಿತು.
ಲೈಬ್ರರಿಯ ಮೇವಿಸ್ ತುಸು ಬೇಗನೇ
ಬಿಸ್ಕತ್ತಿನ ಡಬ್ಬಿ ತೆರೆದಳು.

ಹೊಡೆದದ್ದು ನಿಜ.
ಆವತ್ತು ನಾನು ಬೆಂಚಿನ ಮೇಲೆ ಕೂತು
ಕಥೆಯ ಹುಡುಗಿಗೆ ಯಾವ ಬಣ್ಣದ ಕೋಟು ಎಂದು ಗೀಚುತ್ತಿದ್ದೆ.
ಮೂರು ಸಲ "ಅಮ್ಮಾ, ನೋಡು" ಅಂದಳಂತೆ.
ನಾಲ್ಕನೆಯದು ಕಲ್ಲು.
ಬುಳಕ್ಕೆಂದದ್ದಷ್ಟೇ ನನಗೆ ಕೇಳಿಸಿದ್ದು.

ಕಾರಿನಲ್ಲಿ ಓಜಸ್ ಕೇಳಿದ: ಹಂಸಕ್ಕೆ ಪೆಟ್ಟಾಯ್ತಾ?
"ಇಲ್ಲ. ಪಕ್ಕದಲ್ಲಿ ಬಿತ್ತು. ಅದು ತಿರುಗಿ ನನ್ನ ನೋಡ್ತು."
ಎಷ್ಟು ಹೊತ್ತು?
"ತುಂಬಾ ಹೊತ್ತು."
ವೈಪರ್ ಆ ಕಡೆ, ಈ ಕಡೆ.
ತಪ್ಪಾಯಿತು ಅನ್ನಲು ಕನ್ನಡದಲ್ಲಿ ತಡಕಿದೆ.
ನಮ್ಮ ಮನೆಯಲ್ಲಿ ದೊಡ್ಡವರು ಆ ಮಾತು ಆಡಿದ್ದು ಕೇಳಿಲ್ಲ;
ಇನ್ನೊಂದು ತುತ್ತು ಬಡಿಸುತ್ತಿದ್ದರು,
ಕರೆದು ಕೂರಿಸಿ ತಲೆಗೆ ಎಣ್ಣೆ ಹಚ್ಚುತ್ತಿದ್ದರು.
ಆ ರಾತ್ರಿ ಎಣ್ಣೆ ಹಚ್ಚಿದೆ.
ಅವಳು ಸುಮ್ಮನೆ ಹಚ್ಚಿಸಿಕೊಂಡಳು,
ಆಮೇಲೆ ಗೋಂದು ಎಲ್ಲಿದೆ ಎಂದು ಕೇಳಿದಳು.

ಬೆಳಿಗ್ಗೆ ನೋಡಿದರೆ, ಮನೆಯ ಪ್ರತಿಯ ಕೊನೆಗೆ
ಅಂಟಿಸಿದ ಇನ್ನೊಂದು ಹಾಳೆ, ಸರಿಯಾಗಿ ಕೂರದೆ
ಅಂಚು ಹೊರಗೆ ಚಾಚಿಕೊಂಡಿದೆ.
ಪೆನ್ಸಿಲಿನ ಕಲ್ಲು, ಹಂಸಕ್ಕಿಂತ ದೊಡ್ಡದು.
ಹಂಸದ ಕಣ್ಣು ಒತ್ತಿ ಒತ್ತಿ ಬಿಡಿಸಿ ಕಾಗದ ತೂತಾಗಿದೆ.
ಮೂಲೆಯಲ್ಲೊಂದು ಬೆಂಚು, ಬೆಂಚಿನ ಮೇಲೆ ನಾನು:
ಮುಖವಿಲ್ಲ,
ಬಗ್ಗಿದ ಬೈತಲೆ ಮಾತ್ರ.

ಓಜಸ್‌ಗೆ ಈಗ ದಿನವೂ ಆ ಪುಟವೇ ಮೊದಲು ಬೇಕು.
ಅಕ್ಷರವಿಲ್ಲ ಕಂದಾ, ಏನಂತ ಓದಲಿ?
ಹಂಸದ ಕಣ್ಣಿನಲ್ಲಿ ಬೆರಳು ತೂರಿಸಿ ಕಾಯುತ್ತಾನೆ.
ಆಚೆ ಮಂಚದಲ್ಲಿ ಗೋಡೆಗೆ ಮಗ್ಗುಲಾಗಿ
ಮುಕ್ತಾ, ನಿದ್ದೆ ಬಂದವಳಂತೆ,
ಉಸಿರು ಬಿಗಿಹಿಡಿದಿದ್ದಾಳೆ.